ಕರ್ಟನ್ ಕೊಕ್ಕೆ ಕೂರಿಸಿದ್ದು: ಕೆಂಪುಕಲ್ಲಿನ ಗೋಡೆ, ಮರದ ಕಿಟಕಿ

ಉಡುಪಿ ಹತ್ತಿರದ ನಮ್ಮ ಮನೆಯ ಹಾಲ್‌ನಲ್ಲಿ ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿ ಇದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಶುರುವಾದರೆ ಕರ್ಟನ್ ಒಳಗೆ ಹಾರಿ ಟೀಪಾಯ್ ಮೇಲಿನ ಪೇಪರ್, ಲೋಟ ಎಲ್ಲ ಉರುಳಿಸುತ್ತದೆ. ಗಾಳಿ ಉಲ್ಟಾ ತಿರುಗಿದರೆ ಅದೇ ಕರ್ಟನ್ ಗ್ರಿಲ್ ಸಂದಿಯಲ್ಲಿ ಹೊರಗೆ ಹೋಗಿ ಕಿಟಕಿಯ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೀಗಾದರೆ ಒದ್ದೆ ಬೇರೆ. ಇದಕ್ಕೆ ಅಮ್ಮನ ಉಪಾಯ ಎಲ್ಲರ ಮನೆಯದ್ದೇ: ಕರ್ಟನ್ ಹಿಡಿದು ನಡುವೆ ಒಂದು ಗಂಟು. ಗಂಟು ಬಿಚ್ಚಿದ ಮೇಲೆ ಉಳಿಯುವ ಸುಕ್ಕು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಗಂಟು ಹಾಕುವಾಗ ಎಳೆದು ಎಳೆದು ರಾಡಿನ ಬ್ರಾಕೆಟ್ ಕೂಡ ಸಡಿಲ ಆಗುತ್ತದೆ. ಹಾಗಾಗಿ ಕಿಟಕಿಯ ಎರಡೂ ಬದಿಗೆ ಕೊಕ್ಕೆ ಹಾಕುವುದು ಅಂತ ತೀರ್ಮಾನ ಆಯಿತು.

ಅಂಗಡಿಗೆ ಹೋಗುವವರಿಗೆ ಒಂದು ಮಾತು. "ಕರ್ಟನ್ ಹೋಲ್ಡರ್" ಅಂತ ಕೇಳಿದರೆ ರಾಡ್ ಕೂರಿಸುವ ಬ್ರಾಕೆಟ್ ತಂದು ಮುಂದಿಡುವುದೇ ಜಾಸ್ತಿ. "ಟೈ ಬ್ಯಾಕ್" ಅನ್ನಿ, ಇಲ್ಲವೇ ಫೋಟೋ ತೋರಿಸಿ. ಅದರಲ್ಲೂ ಮೂರು ನಮೂನೆ. ಒಂದು ಬಟ್ಟೆಯ ಪಟ್ಟಿ, ಎರಡು ತುದಿಗೂ ರಿಂಗ್, ಗೋಡೆಯಲ್ಲಿ ಸಣ್ಣ ಹುಕ್. ಇನ್ನೊಂದು ಮ್ಯಾಗ್ನೆಟ್ ಇರುವ ದಾರ, ಇದಕ್ಕೆ ಗೋಡೆಗೆ ತೂತೇ ಬೇಡ. ಮೂರನೆಯದ್ದು ಗೋಡೆಯಿಂದ ಹೊರಗೆ ಚಾಚಿ ಪಕ್ಕಕ್ಕೆ ಬಾಗಿದ ಲೋಹದ ತೋಳು. ಅಮ್ಮನ ಬೆರಳುಗಳಿಗೆ ಸಂಧಿನೋವು, ಸಣ್ಣ ರಿಂಗನ್ನು ಹುಕ್ಕಿಗೆ ಸಿಕ್ಕಿಸುವುದು ಕಷ್ಟ. ಮ್ಯಾಗ್ನೆಟ್ ದಾರ ನಮ್ಮ ಗಾಳಿಗೆ ನಿಲ್ಲುವಂಥದ್ದಲ್ಲ. ಪಟ್ಟಿಯ ಇನ್ನೊಂದು ತೊಂದರೆ ಏನೆಂದರೆ, ಕರ್ಟನ್ ಬಿಟ್ಟಾಗ ಅದು ಕುಣಿಕೆಯ ಹಾಗೆ ನೇತಾಡುತ್ತಾ ಇರುತ್ತದೆ. ಸಣ್ಣ ಮಕ್ಕಳು ಬಂದು ಹೋಗುವ ಮನೆಗೆ ಅದು ಬೇಡ. ಲೋಹದ ತೋಳಾದರೆ ಮುಂಗೈಯಲ್ಲಿ ಬಟ್ಟೆ ತಳ್ಳಿದರೂ ಸಾಕು, ಕೂತುಕೊಳ್ಳುತ್ತದೆ.

ಲೋಹ ಯಾವುದು ಅನ್ನುವುದು ಕರಾವಳಿಯಲ್ಲಿ ಮುಖ್ಯ. ಕಬ್ಬಿಣಕ್ಕೆ ಹೊಳಪು ಕೊಟ್ಟದ್ದಾದರೆ ಉಪ್ಪುಗಾಳಿಗೆ ಬೇಗ ಗುಳ್ಳೆ ಏಳುತ್ತದೆ. ನಾನು ಸ್ಟೇನ್‌ಲೆಸ್ ಸ್ಟೀಲಿನದ್ದು ತಂದೆ. ಅದರ ಜೊತೆ ಬಂದ ಸ್ಕ್ರೂಗಳನ್ನು ಪಕ್ಕಕ್ಕೆ ಇಟ್ಟು, ಹಾರ್ಡ್‌ವೇರ್ ಅಂಗಡಿಯಿಂದ ಸ್ಟೇನ್‌ಲೆಸ್ ಸ್ಕ್ರೂ ಬೇರೆ ತಂದೆ. ಕೊಕ್ಕೆ ಹೊಳೆಯುತ್ತಾ ಇದ್ದು ಅದರ ಕೆಳಗೆ ಗೋಡೆಯ ಮೇಲೆ ತುಕ್ಕಿನ ಗೆರೆ ಇಳಿದಿರುವ ಮನೆಗಳನ್ನು ನೋಡಿದ್ದೇನೆ, ಅದು ಸ್ಕ್ರೂಗಳ ಕೆಲಸ. ನಮ್ಮ ಕೊಕ್ಕೆ ಗೋಡೆಯಿಂದ 4 ಇಂಚು ಹೊರಗೆ ಬರುತ್ತದೆ, ತೋಳು 5 ಇಂಚು ಉದ್ದ, ತುದಿಗೆ ಗುಂಡಗಿನ ಉಂಡೆ. ಉಂಡೆ ಇರುವುದನ್ನೇ ಹುಡುಕಿ ತಂದದ್ದು. ನಾವು ಹಾಕುವ ಎತ್ತರ ನಾಲ್ಕೈದು ವರ್ಷದ ಮಕ್ಕಳ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಚೂಪು ತುದಿಯದ್ದು ಎಷ್ಟು ಚಂದ ಇದ್ದರೂ ಬೇಡ.

ಈಗ ಅಳತೆ. ಕಿಟಕಿ 60 ಇಂಚು ಅಗಲ. ದಂಡೆ ನೆಲದಿಂದ 34 ಇಂಚಿನಲ್ಲಿ, ಮೇಲಿನ ಅಂಚು 84 ಇಂಚಿನಲ್ಲಿ. ರಾಡ್ 88 ಇಂಚಿನಲ್ಲಿದೆ, ಎರಡೂ ಬದಿಗೆ ಚೌಕಟ್ಟು ದಾಟಿ 8 ಇಂಚು ಹೊರಗೆ ಬ್ರಾಕೆಟ್. ಕರ್ಟನ್ ರಾಡ್ ತೂರಿಸುವ ರಿಂಗ್ ಇರುವ ಐಲೆಟ್‌ನದ್ದು, ಒಂದೊಂದು ಬದಿಗೆ ಒಂದೂವರೆ ಪನ್ನ (ಬಟ್ಟೆಯ ಅಗಲ) ಬಟ್ಟೆ, ನೆಲಕ್ಕಿಂತ ಒಂದು ಇಂಚು ಮೇಲೆ ನಿಲ್ಲುತ್ತದೆ. ಅಷ್ಟು ಬಿಡದಿದ್ದರೆ ನೆಲ ಒರೆಸುವಾಗಲೆಲ್ಲ ಅಂಚು ಒದ್ದೆ.

ಕೊಕ್ಕೆ ಎಷ್ಟು ಎತ್ತರದಲ್ಲಿ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ "ಕರ್ಟನ್ ಉದ್ದದ ಮೂರನೇ ಒಂದು ಭಾಗ, ಕೆಳಗಿನಿಂದ." ನಮ್ಮ ಲೆಕ್ಕಕ್ಕೆ ಅದು ಸುಮಾರು 29 ಇಂಚು. ಅಲ್ಲಿ ಹಾಕಿದರೆ ಸೋಫಾದ ಬೆನ್ನಿನ ಹಿಂದೆ ಮುಚ್ಚಿಹೋಗುತ್ತದೆ, ಕೈ ಹಾಕಲಿಕ್ಕೂ ಆಗುವುದಿಲ್ಲ. ಇನ್ನು ಕೆಲವರು ಕಿಟಕಿ ದಂಡೆಯ ಮಟ್ಟಕ್ಕೆ ಅನ್ನುತ್ತಾರೆ. ಈ ಸೂತ್ರಗಳೆಲ್ಲ ಸುಮ್ನೆ ಶುರು ಮಾಡುವುದಕ್ಕೆ ಸರಿ. ನನ್ನ ಪ್ರಕಾರ ಜಾಗ ತೀರ್ಮಾನ ಮಾಡಬೇಕಾದ್ದು ಬಟ್ಟೆ, ಟೇಪ್ ಅಲ್ಲ. ಕರ್ಟನ್ ನೇತಾಡುತ್ತಾ ಇರುವಾಗಲೇ, ಗೋಡೆಗೆ ಡ್ರಿಲ್ ತಾಗಿಸುವ ಮೊದಲು, ಕೈಯಲ್ಲೇ ಹಿಡಿದು ನೋಡಬೇಕು.

ಹಿಡಿಯಲಿಕ್ಕೆ ನಾನು ಆರಿಸಿದ್ದು ಸ್ಟೀಲಿನ ಸೌಟು. ತಮಾಷೆಯಲ್ಲ. ಬಗ್ಗಿದ ಹಿಡಿಯ ಸೌಟನ್ನು ಗೋಡೆಗೆ ಒತ್ತಿ ಹಿಡಿದರೆ ಕೊಕ್ಕೆಯ ಆಕಾರ ಹೆಚ್ಚುಕಡಿಮೆ ಬಂದುಬಿಡುತ್ತದೆ, ಬಟ್ಟೆ ಅದರ ಹಿಂದೆ ಕೂರುತ್ತದೆ. ಅಮ್ಮ ಸೌಟು ಹಿಡಿದು ನಿಂತರು, ನಾನು ಬಾಗಿಲ ಹತ್ತಿರ ಹೋಗಿ ನೋಡಿದೆ.

"ಇನ್ನು ಸ್ವಲ್ಪ ಕೆಳಗೆ ಅಮ್ಮ."

"ಎಷ್ಟು ಕೆಳಗೆ? ನೀನು ಹೇಳಿದ್ದು ಮೇಲೆ ಅಂತ ಅಲ್ವಾ ಈಗ?"

"ಹಾಂ, ಅಲ್ಲೇ ಇರಲಿ."

"ಬೇಗ ನೋಡು ಮಾರಾಯಾ, ಸಾರು ಬಡಿಸ್ಲಿಕ್ಕೆ ಸೌಟು ಬೇಕು."

ಹೀಗೆ ಮೇಲೆ ಕೆಳಗೆ ಮಾಡಿ ನೋಡುವಾಗ ಕಣ್ಣಿಗೆ ಬಿದ್ದದ್ದು ಕೆಳಗಿನ ಅಂಚು. ಪೂರ್ತಿ ಕರ್ಟನ್ ಪಕ್ಕಕ್ಕೆ ಸರಿಸಿ ಆಮೇಲೆ ಕೊಕ್ಕೆಗೆ ಹಾಕಿದರೆ ಅಂಚು ಅಷ್ಟಾಗಿ ಮೇಲೇಳುವುದಿಲ್ಲ. ಆದರೆ ಬಿಸಿಲು ಜಾಸ್ತಿ ಇರುವಾಗ ಮೇಲೆ ರಾಡಿನಲ್ಲಿ ಕರ್ಟನ್ ಹಾಗೇ ಬಿಟ್ಟು, ನಡುಭಾಗ ಮಾತ್ರ ಪಕ್ಕಕ್ಕೆ ಎಳೆದು ಕಟ್ಟುವ ಅಭ್ಯಾಸ ನಮ್ಮದು. ಆಗ ಒಳಗಿನ ಅಂಚು ಓರೆಯಾಗಿ ಹೋಗುತ್ತದೆ, ಓರೆಯ ದಾರಿ ಉದ್ದ. ಅಷ್ಟು ಬಟ್ಟೆ ಕೆಳಗಿನಿಂದ ಮೇಲೆ ಬರಲೇಬೇಕು.

ಶಾಲೆಯಲ್ಲಿ ಕಲಿತ ಪೈಥಾಗರಸ್ ಇಲ್ಲಿ ಸಾಕು. ಒಳಗಿನ ಅಂಚು ರಾಡಿನ ನಡುವಿನಿಂದ ಕೊಕ್ಕೆಯವರೆಗೆ ಅಡ್ಡಕ್ಕೆ ಸುಮಾರು 32 ಇಂಚು ಸರಿಯಬೇಕು. ಕೊಕ್ಕೆ ನೆಲದಿಂದ 60 ಇಂಚಿನಲ್ಲಿದ್ದರೆ ರಾಡಿನಿಂದ 28 ಇಂಚು ಕೆಳಗೆ. ಓರೆ 42 ಇಂಚು ಚಿಲ್ಲರೆ, ಅಂದರೆ ಅಂಚು 14 ಇಂಚು ಚಿಲ್ಲರೆ ಮೇಲೇಳುತ್ತದೆ. ಮೊಣಕಾಲಿನ ತನಕ ಪಂಚೆ ಎತ್ತಿ ಕಟ್ಟಿದ ಹಾಗೆ ಕಾಣುತ್ತದೆ. ಅದೇ ಕೊಕ್ಕೆ 38 ಇಂಚಿನಲ್ಲಿದ್ದರೆ ರಾಡಿನಿಂದ 50 ಇಂಚು ಕೆಳಗೆ, ಓರೆ 59 ಇಂಚು ಚಿಲ್ಲರೆ, ಅಂಚು ಏಳುವುದು 9 ಇಂಚು. 30 ಇಂಚಿಗೆ ಇಳಿಸಿದರೂ 8 ಇಂಚು ಏಳುತ್ತದೆ. ಅಂದರೆ 38ರಿಂದ 30ಕ್ಕೆ ಇಳಿದು ಸಿಗುವ ಲಾಭ ಬರೀ ಒಂದು ಇಂಚು, ಅದಕ್ಕಾಗಿ ಸೋಫಾ ಹಿಂದೆ ಕೈ ತೂರಿಸಬೇಕು. ಇದು ಬಟ್ಟೆ ಬಿಗಿಯಾಗಿ ಎಳೆದಾಗಿನ ಲೆಕ್ಕ. ಕೊಕ್ಕೆಯ ಮೇಲೆ ಸ್ವಲ್ಪ ಉಬ್ಬಿ ನಿಲ್ಲಲಿ ಅಂತ ಬಿಟ್ಟರೆ ಇನ್ನೂ ಒಂದೆರಡು ಇಂಚು ಮೇಲೆ ಹೋಗುತ್ತದೆ. 38 ಇಂಚು ಅಂತ ನಿಂತೆವು. ಅಮ್ಮನ ಕೈಗೂ ಅದು ಬಗ್ಗದೆ ಸಿಗುವ ಎತ್ತರ. ಸೌಟು ಅಡುಗೆಮನೆಗೆ ವಾಪಸ್ ಹೋಯಿತು.

ಎತ್ತರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅಡ್ಡಕ್ಕೆ ಎಲ್ಲಿ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಚಂದ ಕೆಡುವುದು ಅಲ್ಲೇ. ಕರ್ಟನ್ನಿನ ಹೊರಗಿನ ಅಂಚು ಬ್ರಾಕೆಟ್ಟಿನಿಂದ ನೆಟ್ಟಗೆ ಕೆಳಗೆ ಇಳಿಯಬೇಕು. ಕೊಕ್ಕೆ ತೀರಾ ಹೊರಗೆ ಹೋದರೆ ಆ ಅಂಚು ಗೋಡೆಯ ಕಡೆಗೆ ಓರೆಯಾಗಿ ಎಳೆಯುತ್ತದೆ, ತೀರಾ ಒಳಗೆ ಬಂದರೆ ಬೆಳಕು ಮುಚ್ಚುತ್ತದೆ. ನಮ್ಮ ಬಟ್ಟೆಯ ನೆರಿಗೆಗಳನ್ನೆಲ್ಲ ಕೈಯಲ್ಲಿ ಸೇರಿಸಿ ಹಿಡಿದರೆ 5 ಇಂಚಿನ ತೋಳಿನೊಳಗೆ ಸರಿಯಾಗಿ ಕೂರುತ್ತದೆ. ಬ್ರಾಕೆಟ್ ಇರುವುದು ಚೌಕಟ್ಟಿನಿಂದ 8 ಇಂಚಿಗೆ. ಅದರಿಂದ ಐದೂವರೆ ಒಳಗೆ ಬಂದರೆ ಕೊಕ್ಕೆಯ ಬುಡ ಚೌಕಟ್ಟಿನಿಂದ ಎರಡೂವರೆ ಇಂಚಿಗೆ ಬರುತ್ತದೆ.

ಬುಡ ಕಿಟಕಿಯ ಬದಿಗೆ, ಬಾಯಿ ಹೊರಗಡೆಗೆ. ಇದನ್ನು ಉಲ್ಟಾ ಹಾಕಿದವರೂ ಇದ್ದಾರೆ. ಬಟ್ಟೆ ಯಾವಾಗಲೂ ವಾಪಸ್ ಕಿಟಕಿ ನಡುವಿಗೆ ಬರಲಿಕ್ಕೆ ನೋಡುತ್ತದೆ. ಬಾಯಿ ಕಿಟಕಿ ಕಡೆಗೆ ಇದ್ದರೆ ಒಂದು ಜೋರು ಗಾಳಿಗೆ ಜಾರಿ ಹೊರಗೆ ಬರುತ್ತದೆ. ಬುಡ ಅಡ್ಡ ಇದ್ದರೆ ಬಟ್ಟೆ ಅದಕ್ಕೇ ಒರಗಿ ನಿಲ್ಲುತ್ತದೆ. ತೋಳು 4 ಇಂಚು ಹೊರಗೆ ಬರುವುದೂ ಇಲ್ಲಿ ಉಪಯೋಗಕ್ಕೆ ಬಂತು. ರಾಡಿನ ಬ್ರಾಕೆಟ್ ಗೋಡೆಯಿಂದ ಮೂರೂವರೆ ಇಂಚು ಹೊರಗಿದೆ. ಕೊಕ್ಕೆ ಅದಕ್ಕಿಂತ ಗಿಡ್ಡ ಇದ್ದರೆ ಬಟ್ಟೆಯನ್ನು ಗೋಡೆಗೆ ಅಮುಕಿ ನೆರಿಗೆ ಹಾಳು ಮಾಡುತ್ತದೆ.

ಚೌಕಟ್ಟಿನಿಂದ ಎರಡೂವರೆ ಇಂಚು ಅಂದ ಕೂಡಲೇ ಒಂದು ಯೋಚನೆ ಬರಬೇಕು. ಮರದ ಕಿಟಕಿಯನ್ನು ಗೋಡೆಗೆ ಹಿಡಿದಿಡುವುದು ಹೋಲ್ಡ್‌ಫಾಸ್ಟ್ ಎಂಬ ಕಬ್ಬಿಣದ ಪಟ್ಟಿ. ಒಂದು ತುದಿ ಚೌಕಟ್ಟಿಗೆ ಸ್ಕ್ರೂ, ಇನ್ನೊಂದು ತುದಿ ಗೋಡೆಯೊಳಗೆ, ಸುತ್ತ ಕಾಂಕ್ರೀಟ್. ಬದಿಗೆ ಎರಡೋ ಮೂರೋ ಇರುತ್ತವೆ. ಡ್ರಿಲ್ ಬಿಟ್ ಅದಕ್ಕೆ ತಾಗಿದರೆ ಬಿಟ್ಟಿನ ತುದಿ ಹೋಯಿತು ಅಂತ ತಿಳಿಯಬೇಕು. ಹಳೆಯ ಹಾರ್ಡ್ ಡಿಸ್ಕ್‌ನಿಂದ ಬಿಚ್ಚಿದ ಮ್ಯಾಗ್ನೆಟ್ ಒಂದು ಮನೆಯಲ್ಲಿತ್ತು. ಅದನ್ನು ದಾರಕ್ಕೆ ಕಟ್ಟಿ ಗೋಡೆಗೆ ಸವರಿದ ಹಾಗೆ ನಿಧಾನ ಇಳಿಸಿದೆ. 45 ಇಂಚಿನ ಹತ್ತಿರ ಅದು ಗೋಡೆ ಕಡೆಗೆ ಸ್ವಲ್ಪ ವಾಲಿತು. ಇನ್ನೊಂದು ಬದಿಯಲ್ಲೂ ಅದೇ ಎತ್ತರದಲ್ಲಿ. ಕೆಂಪುಕಲ್ಲಿನಲ್ಲೂ ಕಬ್ಬಿಣ ಇದೆ, ಆದರೆ ಅದು ತುಕ್ಕಿನ ರೂಪದ್ದು, ಮ್ಯಾಗ್ನೆಟ್ ಅದಕ್ಕೆ ಅಷ್ಟಾಗಿ ಎಳೆಯುವುದಿಲ್ಲ. ಪಟ್ಟಿ ಇದ್ದಲ್ಲಿ ಎಳೆತ ಬೇರೆಯೇ ಗೊತ್ತಾಗುತ್ತದೆ. 38 ಇಂಚು ಅದರಿಂದ ದೂರ, ತೊಂದರೆ ಇಲ್ಲ.

ಇನ್ನು ಕರೆಂಟ್. ಬಲಗಡೆ ಕಿಟಕಿ ಪಕ್ಕ ಸ್ವಿಚ್‌ಬೋರ್ಡ್ ಇದೆ. ಗೋಡೆಯೊಳಗಿನ ಪೈಪ್ ಸಾಮಾನ್ಯವಾಗಿ ಬೋರ್ಡಿನಿಂದ ನೆಟ್ಟಗೆ ಮೇಲೆ, ಇಲ್ಲವೇ ನೆಟ್ಟಗೆ ಕೆಳಗೆ ಹೋಗಿರುತ್ತದೆ. ಬೋರ್ಡಿನ ಅಗಲದಷ್ಟು ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಮುಟ್ಟಲೇಬಾರದು. ನಮ್ಮದು ಚೌಕಟ್ಟಿನಿಂದ 10 ಇಂಚು ಆಚೆ, ನನ್ನ ತೂತಿನ ದಾರಿಯಲ್ಲಿ ಇಲ್ಲ. ಆದರೂ ಡ್ರಿಲ್‌ಗೆ ಅಡುಗೆಮನೆಯಿಂದ ಎಕ್ಸ್‌ಟೆನ್ಷನ್ ಎಳೆದು, ಹಾಲ್‌ನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿಯೇ ಕೆಲಸ ಮಾಡಿದೆ.

ಗುರುತು ಹಾಕುವಾಗ ನೆಲದಿಂದ ಅಳೆಯಬೇಡಿ. ನಮ್ಮದು ಹಳೆಯ ರೆಡ್ ಆಕ್ಸೈಡ್ ನೆಲ, ಒಂದು ಕಡೆಗೆ ಸ್ವಲ್ಪ ಇಳಿಜಾರು. ಎರಡೂ ಬದಿಗೆ ನೆಲದಿಂದ 38 ಇಂಚು ಅಳೆದು ರಸಮಟ್ಟ ಇಟ್ಟು ನೋಡಿದರೆ ಅರ್ಧ ಇಂಚಿನ ವ್ಯತ್ಯಾಸ. ಕಣ್ಣು ಕೊಕ್ಕೆಯನ್ನು ಹೋಲಿಸುವುದು ಪಕ್ಕದ ಗ್ರಿಲ್ಲಿನ ಅಡ್ಡ ಸರಳಿನ ಜೊತೆಗೆ, ಅಡಿಯ ನೆಲದ ಜೊತೆಗೆ ಅಲ್ಲ. ಹಾಗಾಗಿ ಎಡಬದಿಯ ಗುರುತನ್ನು ಇಟ್ಟುಕೊಂಡು, ಅದು ಗ್ರಿಲ್ಲಿನ ಅಡ್ಡ ಸರಳಿನಿಂದ ಎಷ್ಟು ಕೆಳಗಿದೆ ಅಂತ ಅಳೆದು ಬಲಕ್ಕೂ ಅಷ್ಟೇ ತೆಗೆದುಕೊಂಡೆ. ರಸಮಟ್ಟಕ್ಕೂ ಅದು ಸರಿ ಬಂತು. ಕಿಟಕಿಯೇ ವಾಲಿರುವ ಮನೆಯಾದರೆ ಕಿಟಕಿ ಹೇಳಿದ್ದನ್ನೇ ಕೇಳಿ, ರಸಮಟ್ಟ ಪಕ್ಕಕ್ಕಿಡಿ.

ಕರ್ಟನ್ ಬಿಚ್ಚಿ ಒಳಗಿಟ್ಟು, ಸೋಫಾಗೆ ಹಳೆ ಬೆಡ್‌ಶೀಟ್ ಹೊದಿಸಿ ಡ್ರಿಲ್ ಎತ್ತಿದ್ದು. ಕೆಂಪುಕಲ್ಲಿನ ಪುಡಿ ಬಿಳಿ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ. ತೂತಿನ ಕೆಳಗೆ ಮಾಸ್ಕಿಂಗ್ ಟೇಪಿನಲ್ಲಿ ಒಂದು ಪೇಪರ್ ಮಡಚಿ ಜೋಳಿಗೆಯ ಹಾಗೆ ಅಂಟಿಸಿದರೆ ಮುಕ್ಕಾಲು ಪುಡಿ ಅದರಲ್ಲೇ ಬೀಳುತ್ತದೆ. ಬಿಟ್ಟಿಗೂ ಟೇಪ್ ಸುತ್ತಿದೆ, 50 ಮಿಲಿಮೀಟರಿಗೆ. ಪ್ಲಗ್ (ಸ್ಕ್ರೂ ಹಿಡಿಯಲಿಕ್ಕೆ ತೂತಿನೊಳಗೆ ಕೂರಿಸುವ ನೈಲಾನ್ ಕೊಳವೆ) 40ರದ್ದು. ಹಿಂದೆ ಪುಡಿ ಕೂರಲಿಕ್ಕೂ ಜಾಗ ಬೇಕಲ್ಲ.

ಪುಡಿಯ ಬಣ್ಣ ನೋಡುತ್ತಾ ಕೊರೆದರೆ ಗೋಡೆಯೊಳಗೆ ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಮೊದಲು ಬಿಳಿ, ಅದು ಪುಟ್ಟಿ. ಅಲ್ಲಿ ಹ್ಯಾಮರ್ ಮೋಡ್ (ಡ್ರಿಲ್ ಗುದ್ದುತ್ತಾ ತಿರುಗುವುದು) ಬೇಡ, ಚಕ್ಕೆ ಏಳುತ್ತದೆ. ಆಮೇಲೆ ಬೂದು, ಸಿಮೆಂಟ್ ಗಾರೆ, ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿಂದ ಕೆಂಪು. ಪ್ಲಗ್ಗಿನ ಅರ್ಧಕ್ಕಿಂತ ಹೆಚ್ಚು ಪಾಲು ಕೆಂಪಿನೊಳಗೆ ಕೂರಬೇಕು. ಬರೀ ಗಾರೆಯಲ್ಲಿ ನಿಂತ ಪ್ಲಗ್ ಎಳೆದರೆ ಗಾರೆಯ ಬಿಲ್ಲೆ ಸಮೇತ ಬರುತ್ತದೆ. ಕೆಂಪು ಬಂದ ಮೇಲೂ ನಾನು ಹ್ಯಾಮರ್ ಹಾಕಲಿಲ್ಲ. ಈ ಕಲ್ಲು ಒಂದೇ ಸಮ ಇರುವುದಿಲ್ಲ, ಗುದ್ದಿದರೆ ತೂತು ದೊಡ್ಡದಾಗುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿನ ಬಗ್ಗೆ ಬರೆದದ್ದು ಇಲ್ಲಿ ನೆನಪಾಗುತ್ತದೆ. 1807ರಲ್ಲಿ ಪ್ರಕಟವಾದ ಪ್ರವಾಸದ ವರದಿಯಲ್ಲಿ, ಮಲಬಾರಿನ ಅಂಗಡಿಪ್ಪುರದಲ್ಲಿ ನೋಡಿದ್ದನ್ನು ಹೇಳುತ್ತಾ, ಮೈತುಂಬಾ ತೂತು, ಕೆಂಪು ಹಳದಿ ಮಣ್ಣಿನ ರೂಪದಲ್ಲಿ ಕಬ್ಬಿಣ, ಅಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ ಎಂದಿದ್ದಾನೆ. ಅವನು ಹೇಳಿದ ಆ ಹಳದಿ ಮಣ್ಣು ನನಗೆ ಬಲಬದಿಯ ಎರಡನೇ ತೂತಿನಲ್ಲಿ ಸಿಕ್ಕಿತು. ಕೆಂಪು ಪುಡಿ ಬರುತ್ತಾ ಇದ್ದದ್ದು ಒಮ್ಮೆಲೇ ನಿಂತು, ಬಿಟ್ ಸರಕ್ ಅಂತ ಒಳಗೆ ಹೋಯಿತು. ಹೊರಗೆ ಎಳೆದರೆ ತುದಿಯಲ್ಲಿ ಹಳದಿ ಮಣ್ಣಿನ ಮೆತ್ತೆ. ಕಲ್ಲಿನ ಒಳಗಿನ ಪೊಟರೆ. ಪ್ಲಗ್ ಹಾಕಿದರೆ ಬೆರಳಲ್ಲಿ ತಳ್ಳಿದರೂ ಒಳಗೆ ಹೋಗುವಷ್ಟು ಸಡಿಲ.

ತೂತು ಜರುಗಿಸುವ ಹಾಗಿಲ್ಲ, ಕೊಕ್ಕೆಯ ಬುಡದ ಪ್ಲೇಟಿನ ತೂತುಗಳ ಅಂತರ ಬದಲಾಗುವುದಿಲ್ಲವಲ್ಲ. ಹಿಂದಿನ ಕಾಲದ ಬಡಗಿಯಾದರೆ ಇಲ್ಲಿ ದೊಡ್ಡ ಕುಳಿ ತೆಗೆದು ಮರದ ಗೂಟ ಬಡಿದು, ಸುತ್ತ ಗಾರೆ ತುಂಬಿ, ಗೂಟಕ್ಕೆ ಸ್ಕ್ರೂ ಹಾಕುತ್ತಿದ್ದ. ನಮ್ಮ ಮನೆಯ ದೇವರ ಫೋಟೋಗಳೆಲ್ಲ ಈಗಲೂ ಅಂಥ ಗೂಟಗಳ ಮೇಲೇ ನಿಂತಿವೆ. ನೈಲಾನ್ ಪ್ಲಗ್ಗನ್ನು ಜರ್ಮನಿಯ ಆರ್ಟುರ್ ಫಿಶರ್ ತಂದದ್ದು 1958ರಲ್ಲಿ. ಸ್ಕ್ರೂ ಒಳಗೆ ಹೋದಂತೆ ಅದು ಅಗಲವಾಗಿ ಗೋಡೆಗೆ ಒತ್ತುತ್ತದೆ. ಒತ್ತಲಿಕ್ಕೆ ಗೋಡೆಯೇ ಇಲ್ಲದಿದ್ದರೆ ಯಾವ ಪ್ಲಗ್ಗೂ ಉಪಯೋಗ ಇಲ್ಲ.

ಹಾಗಾಗಿ ಗೋಡೆಯನ್ನೇ ಮಾಡಬೇಕಾಯಿತು. ಬಗ್ಗಿಸಿದ ತಂತಿಯಲ್ಲಿ ಸಡಿಲ ಮಣ್ಣೆಲ್ಲ ಕೆರೆದು ತೆಗೆದೆ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ಪುಡಿ ಹಾರಿಸಿದೆ (ಕಣ್ಣು ಮುಚ್ಚಿಕೊಳ್ಳಿ, ಎಲ್ಲ ಮುಖಕ್ಕೇ ಬರುತ್ತದೆ). ಎಂ-ಸೀಲ್‌ನ ಎರಡು ತುಂಡನ್ನು ಸಮ ಕಲಸಿ, ಒಂದೇ ಬಣ್ಣ ಬರುವ ತನಕ ಹಿಸುಕಿ, ಬತ್ತಿಯ ಹಾಗೆ ಹೊಸೆದು ಪೊಟರೆಗೆ ತುರುಕಿದೆ. ಪೆನ್ಸಿಲ್ ಹಿಂಬದಿಯಿಂದ ಒತ್ತಿ ಒತ್ತಿ, ಇನ್ನು ಹಿಡಿಯುವುದಿಲ್ಲ ಅನ್ನುವ ತನಕ. ಅದು ಮೆತ್ತಗೆ ಇರುವಾಗಲೇ ಪ್ಲಗ್ ಒಳಗೆ ಕೂರಿಸಿದೆ. ಪ್ಲಗ್ಗಿನ ಬಾಯಲ್ಲಿ ಸ್ಕ್ರೂವನ್ನು ಎರಡು ಸುತ್ತು ಮಾತ್ರ ಹಾಕಿಟ್ಟಿದ್ದೆ, ಒಳಗೆ ಎಂ-ಸೀಲ್ ನುಗ್ಗಿ ಮುಚ್ಚಬಾರದು ಅಂತ. ಹೊರಗೆ ಉಳಿದದ್ದನ್ನು ಒದ್ದೆ ಬೆರಳಲ್ಲಿ ಸವರಿ ಗೋಡೆಗೆ ಸಮ ಮಾಡಿ, ರಾತ್ರಿ ಪೂರ್ತಿ ಹಾಗೇ ಬಿಟ್ಟೆ. ಬೆಳಿಗ್ಗೆ ಸ್ಕ್ರೂ ತಿರುಗಿಸಿದಾಗ ಬಿಗಿ ಹಿಡಿದದ್ದು ಕೈಗೆ ಗೊತ್ತಾಯಿತು. ಆ ಗೋಡೆಯಲ್ಲಿ ಈಗ ಎಲ್ಲಕ್ಕಿಂತ ಗಟ್ಟಿ ಪ್ಲಗ್ ಅದೇ.

ಪ್ಲೇಟ್ ಕೂರಿಸುವಾಗ ಒಂದು ಸಣ್ಣ ವಿಷಯ. ನಮ್ಮ ಪ್ಲೇಟ್ ದುಂಡಗೆ, ಎದುರುಬದುರು ಎರಡು ತೂತು. ಅದನ್ನು ಮೇಲೆ-ಕೆಳಗೆ ಬರುವ ಹಾಗೂ ಹಾಕಬಹುದು, ಅಕ್ಕಪಕ್ಕ ಬರುವ ಹಾಗೂ ಹಾಕಬಹುದು. ಕೊಕ್ಕೆಯ ಜೊತೆ ಬಂದ ಚಿತ್ರದಲ್ಲಿ ಮೇಲೆ-ಕೆಳಗೆ ತೋರಿಸಿದ್ದಾರೆ. ಕೊಕ್ಕೆಗೆ ಭಾರ ನೇತುಹಾಕುವುದಾದರೆ ಅದು ಸರಿ. ಇಲ್ಲಿ ಎಳೆತ ಬರುವುದು ಪಕ್ಕಕ್ಕೆ, ಕಿಟಕಿಯ ನಡುವಿನ ಕಡೆಗೆ. 4 ಇಂಚು ಹೊರಗೆ ಚಾಚಿದ್ದನ್ನು ಪಕ್ಕಕ್ಕೆ ಎಳೆದರೆ ಪ್ಲೇಟಿನ ಹೊರಬದಿ ಗೋಡೆ ಬಿಟ್ಟು ಏಳಲು ನೋಡುತ್ತದೆ. ಆ ಬದಿಗೇ ಒಂದು ಸ್ಕ್ರೂ ಇದ್ದರೆ ಅದು ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಅಕ್ಕಪಕ್ಕ ಹಾಕಿದೆ. ಪ್ಲೇಟಿನ ಮೇಲೆ ಬಟ್ಟಲಿನಂಥ ಮುಚ್ಚಳ ಮುಚ್ಚಿ, ಕೆಳಗಿನ ಪುಟ್ಟ ಅಲೆನ್ ಸ್ಕ್ರೂ ಬಿಗಿ ಮಾಡಿದರೆ ಆಯಿತು. ಆ ಅಲೆನ್ ಸ್ಕ್ರೂ ಸಡಿಲ ಆದರೆ ತೋಳು ತಲೆ ತಗ್ಗಿಸುತ್ತದೆ, ಹಾಗಾಗಿ ಅದರ ಕೀಲಿಯನ್ನು ಎಸೆಯಬೇಡಿ. ನಮ್ಮದು ರಾಡಿನ ತುದಿಯ ಹಿಂದೆ ಟೇಪಿನಲ್ಲಿ ಅಂಟಿಕೊಂಡಿದೆ.

ಕರ್ಟನ್ ವಾಪಸ್ ಹಾಕಿ ನೆರಿಗೆಗಳನ್ನು ಒಂದೊಂದಾಗಿ ಸೇರಿಸಿ ಕೊಕ್ಕೆಯ ಹಿಂದೆ ತಳ್ಳಿದೆ. ಮೊದಲ ಕೆಲವು ದಿನ ಬಟ್ಟೆ ಹೇಳಿದ ಹಾಗೆ ಕೇಳುವುದಿಲ್ಲ. ನೆರಿಗೆ ಕೂತ ಮೇಲೆ ಅದರಷ್ಟಕ್ಕೆ ಬರುತ್ತದೆ. ಮಧ್ಯಾಹ್ನದ ಗಾಳಿಗೆ ಮೇಲಿನ ಭಾಗ ಸ್ವಲ್ಪ ಉಬ್ಬುತ್ತದೆ, ಅಷ್ಟೇ. ಟೀಪಾಯ್ ತನಕ ಬರುವುದಿಲ್ಲ. ಅಮ್ಮ ಬಲಬದಿಯ ಕೊಕ್ಕೆಗೆ ತರಕಾರಿ ಚೀಲ ನೇತುಹಾಕುವುದನ್ನೂ ಕಂಡುಹಿಡಿದಿದ್ದಾರೆ. ಬಲಬದಿ ಅಂದರೆ ಎಂ-ಸೀಲ್ ಇರುವ ಬದಿ, ಹಾಗಾಗಿ ನಾನು ಏನೂ ಹೇಳಲಿಲ್ಲ.

ಮಲಗುವ ಕೋಣೆಯ ಕಿಟಕಿಗೆ ಇದೇ ಕೊಕ್ಕೆ ಹಾಕುವುದಿಲ್ಲ. ಅಲ್ಲಿ ಕರ್ಟನ್ ಕಿಟಕಿ ದಂಡೆಯ ಸ್ವಲ್ಪ ಕೆಳಗಿನ ತನಕ ಮಾತ್ರ. ಅಷ್ಟು ಗಿಡ್ಡ ಬಟ್ಟೆಯನ್ನು ನಡುವಿಗೆ ಎಳೆದು ಕಟ್ಟಿದರೆ ಕೆಳಗೆ ಉಳಿಯುವುದು ಬರೀ ಬಾಲ. ಅದಕ್ಕೆ ರಾಡನ್ನೇ ಒಂದಡಿ ಉದ್ದದ್ದು ಹಾಕಿ, ಕರ್ಟನ್ ಪೂರ್ತಿ ಗೋಡೆ ಮೇಲೆ ಸರಿಯುವ ಹಾಗೆ ಮಾಡಿದರೆ ಸಾಕು. ಆ ಗೋಡೆಯಲ್ಲಿ ಮೇಲೆ ಕಾಂಕ್ರೀಟ್ ಲಿಂಟಲ್ (ಕಿಟಕಿ ಮೇಲಿನ ಅಡ್ಡ ತೊಲೆ) ಇದೆ, ಅಲ್ಲಿಗೆ ಹ್ಯಾಮರ್ ಬೇಕೇ ಬೇಕು.